ತೂಕದ ಮನುಷ್ಯರು

ಆರಿದ್ರ ಮಳೆ ಹಿಡಿಯಿತೆಂದರೆ ಶೃಂಗೇರಿ ಬಳಿಯ ಮೆಣಸೆ ಸುತ್ತಿನ ತೋಟದ ದಾರಿಗಳಲ್ಲಿ ಖಾಲಿ ಪಿಕಪ್ಪಿನಷ್ಟು ದಿಕ್ಕೆಟ್ಟ ಪ್ರಾಣಿ ಇನ್ನೊಂದಿಲ್ಲ. ಇಂಜಿನ್ನು, ಡ್ರೈವರು, ಡ್ಯಾಶ್‌ಬೋರ್ಡಿನ ಶಾರದಾಂಬೆ, ಭಾರವೆಲ್ಲ ಮುಂದೆ. ಗಾಡಿಯನ್ನು ದಬ್ಬಬೇಕಾದ ಚಕ್ರ ಮಾತ್ರ ಹಿಂದೆ. ಟನ್ನು, ಒಂದೂವರೆ ಟನ್ನು ಹೊರಲೆಂದು ಕೂರಿಸಿದ ಗಟ್ಟಿ ಸ್ಪ್ರಿಂಗ್ ಪ್ಲೇಟುಗಳ ಮೇಲೆ ಹೊರಲು ಏನೂ ಇಲ್ಲ. ಚಡಾವು ಬಂದ ಕೂಡಲೇ ಹಿಂದಿನ ಚಕ್ರ ನಿಂತಲ್ಲೇ ಗಿರಗಿರ ತಿರುಗಿ ಗುಂಡಿ ತೋಡುತ್ತದೆ. ಬಾಲ ಧರೆಯ ಕಡೆ ಹೋಗಬೇಕೋ ತೋಟದ ಕಡೆ ಹೋಗಬೇಕೋ ಎಂಬುದು ಆಮೇಲೆ ಬಾಲಕ್ಕೇ ಬಿಟ್ಟ ವಿಚಾರ.

ಮದ್ದು ಎಲ್ಲರಿಗೂ ಗೊತ್ತು. ಹಿಂದೆ ತೂಕ ಹಾಕಬೇಕು. ಹಿಮ ಬೀಳುವ ಅಮೆರಿಕದಲ್ಲೂ ಇದೇ ವೈದ್ಯ. ಅಲ್ಲಿ ಚಳಿಗಾಲ ಬಂತೆಂದರೆ ಸುಮಾರು 27 ಕೆ.ಜಿ.ಯ ಉದ್ದುದ್ದ ಮರಳಿನ ಚೀಲಗಳು ಅಂಗಡಿಯಲ್ಲೇ ಮಾರಾಟಕ್ಕೆ ಬರುತ್ತವೆ. ನಾಲ್ಕಾರು ಚೀಲ ತಂದು ಹಿಂದಿನ ಆಕ್ಸೆಲ್ಲಿನ ಮೇಲೆಯೇ ಇಟ್ಟು, ಜರುಗದಂತೆ ಬಿಗಿದು ಕಟ್ಟುತ್ತಾರೆ. ಗಾಡಿ ಹೂತರೆ ಒಂದು ಚೀಲ ಹರಿದು ಚಕ್ರದ ಬುಡಕ್ಕೆ ಮರಳು ಸುರಿಯಲೂ ಆಯಿತು. ಹಿಮ ಕರಗಿದ ಮೇಲೆ ಇಳಿಸಿಟ್ಟರೆ ಮುಗಿಯಿತು.

ನಮ್ಮಲ್ಲಿ ಅಷ್ಟು ಸುಲಭವಾದರೆ ಇಲಾಖೆಗಳು ಇರುವುದು ಯಾತಕ್ಕೆ? ತುಂಗೆ ಪಕ್ಕದಲ್ಲೇ ಹರಿಯುತ್ತಾಳೆ, ಮರಳೂ ಇದೆ. ಆದರೆ ಅದು ಗಣಿ ಇಲಾಖೆಯ ಉಪಖನಿಜ. ಪಾಸಿಲ್ಲದೆ ಚೀಲ ತುಂಬಿ ಹೊರಟರೆ ನೀವು ಜಾಗರೂಕ ಚಾಲಕರಲ್ಲ, ಅಕ್ರಮ ಮರಳು ಸಾಗಣೆಯವರು. ಜಂಬಿಟ್ಟಿಗೆ ಕಲ್ಲು ಇಡೋಣವೆಂದರೆ ಅದೂ ಅದೇ ಇಲಾಖೆಯ ಸೊತ್ತು. ಗಾಳಿಗೆ ಬಿದ್ದ ಮರದ ತುಂಡು ಹೇರಿದಿರೋ, ಗೇಟಿನಲ್ಲಿ ಅರಣ್ಯ ಇಲಾಖೆಯವರು ಅದರ ಜಾತಕ ಕೇಳುತ್ತಾರೆ. ಮನೆಯ ಅಡಿಕೆ ಮೂಟೆಯನ್ನೇ ಹಾಕಿಕೊಂಡು ಸುತ್ತಬಹುದು. ಆದರೆ ಅಡಿಕೆಯ ರೇಟು ಕೇಳಿದವನು ಅದನ್ನು ಮಳೆಯಲ್ಲಿ ತಿರುಗಾಡಿಸುತ್ತಾನೆಯೇ? ಅದು ಅಟ್ಟದ ಮೇಲೆ, ಬೆಚ್ಚಗೆ, ಬೀಗದೊಳಗೆ ಇರತಕ್ಕದ್ದು.

ಯಾವ ಇಲಾಖೆಗೂ ಸೇರದೆ ಉಳಿದದ್ದು ನೀರೊಂದೇ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲವಾದ್ದರಿಂದ ಡ್ರಮ್ಮು ಹೇಗೂ ಇರುತ್ತದೆ. ನೂರು ಲೀಟರ್ ನೀರು, ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ ಅಡಿಕೆಯವರಿಗೆ ಕಲಿಸಿಕೊಟ್ಟ ಪಾಠವನ್ನು ಇನ್ನೂ ಹಾಗೆಯೇ ಒಪ್ಪಿಸುತ್ತಿದ್ದೇವೆ. 200 ಲೀಟರಿನ ಡ್ರಮ್ಮು ತುಂಬಿದರೆ ಇನ್ನೂರು ಕೆ.ಜಿ., ತೂಕಕ್ಕೆ ಭೇಷ್. ಕಷ್ಟವೇನೆಂದರೆ, ಹೋಗುವಾಗಿನ ತೂಕ ಸಂಜೆಯೊಳಗೆ ಅಡಿಕೆ ಮರದ ತಲೆ ಸೇರಿರುತ್ತದೆ. ಬರುವಾಗ ಪಿಕಪ್ಪು ಮತ್ತೆ ಖಾಲಿ, ಚಡಾವು ಮತ್ತೆ ಎದುರಿಗೆ. ಅರೆ ತುಂಬಿದ ಡ್ರಮ್ಮಂತೂ ತಿರುವಿನಲ್ಲಿ ನೀವು ಎಡಕ್ಕೆಂದರೆ ತಾನು ಬಲಕ್ಕೆಂದು ಕುಲುಕುತ್ತದೆ.

ಇಷ್ಟೆಲ್ಲ ಪ್ರಯೋಗದ ನಂತರ ಮಲೆನಾಡಿನ ಜಮೀನುದಾರ ಬುದ್ಧಿ ಒಂದು ಅಪೂರ್ವ ತೂಕವನ್ನು ಕಂಡುಹಿಡಿಯಿತು. ತಲಾ ಐವತ್ತು ಅರವತ್ತು ಕೆ.ಜಿ. ತೂಗುತ್ತದೆ, ಪಾಸು ಬೇಡ, ತಾನೇ ಹತ್ತುತ್ತದೆ, ತಾನೇ ಇಳಿಯುತ್ತದೆ. ಗಾಡಿ ಹೂತರೆ ಚಕ್ರಕ್ಕೆ ಕಲ್ಲು ಕೊಟ್ಟು ದೂಡುತ್ತದೆ. ಮಳೆಗೆ ನೆನೆದರೂ ಕೆಡುವುದಿಲ್ಲ, ಕೆಟ್ಟರೂ ಮರುದಿನ ಬೆಳಿಗ್ಗೆ ಕೆಲಸಕ್ಕೆ ಬರುತ್ತದೆ. ಆಳು.

“ಹಿಂದೆ ಹತ್ತಿ ನಿಂತ್ಕೊಳ್ರೋ, ಗಾಡಿ ಜಾರ್ತದೆ!” ಎಂದು ಯಜಮಾನರು ಕಿಟಕಿಯಿಂದ ತಲೆ ಹಾಕಿ ಕೂಗುತ್ತಾರೆ. ಬಯಲುಸೀಮೆಯವರೋ ಅಸ್ಸಾಮಿನವರೋ, ಪ್ಲಾಸ್ಟಿಕ್ ಕೊಪ್ಪೆ ಹೊದ್ದವರು ಹಿಂಬಾಗಿಲ ಹತ್ತಿರ ಒತ್ತೊತ್ತಾಗಿ ನಿಲ್ಲುತ್ತಾರೆ. ಆಕ್ಸೆಲ್ಲಿಗಿಂತ ತೀರಾ ಹಿಂದೆ ಭಾರ ಬಿದ್ದರೆ ಮುಂದಿನ ಚಕ್ರ ಹಗುರಾಗಿ ಸ್ಟಿಯರಿಂಗ್ ಹಿಡಿತಕ್ಕೆ ಸಿಗುವುದಿಲ್ಲ ಎಂಬ ಸಂಗತಿಯನ್ನು ಯಜಮಾನರಿಗೆ ತಿಳಿಸುವವರು ಯಾರು? ಹತ್ತುವಾಗ ಹಿಡಿತ ಕೊಟ್ಟ ತೂಕವೇ ಇಳಿಜಾರಿನಲ್ಲಿ ಬ್ರೇಕನ್ನು ಕಾಯಿಸುತ್ತದೆ, ಗಾಡಿ ನಿಲ್ಲುವಾಗ ತಾನು ನಿಲ್ಲದೆ ಮುಂದಕ್ಕೆ ನುಗ್ಗುತ್ತದೆ. ಮರಳಿನ ಚೀಲವಾದರೆ ಹಗ್ಗದಲ್ಲಿ ಬಿಗಿಯಬೇಕೆಂದು ಎಲ್ಲರೂ ಒಪ್ಪುತ್ತಾರೆ. ಆಳಿಗೆ ಕೈಗಳಿವೆಯಲ್ಲ, ತಾನೇ ಹಿಡಿದುಕೊಳ್ಳಲಿ. ಬೆಲ್ಟು ಇರುವುದು ಮುಂದಿನ ಸೀಟಿಗೆ. ಹಾಕದಿದ್ದರೆ ಕುಂಯ್ ಕುಂಯ್ ಎಂದು ಕಿವಿ ತಿನ್ನುತ್ತದೆಂದು ಯಜಮಾನರು ಅದನ್ನು ತಪ್ಪದೆ ಹಾಕಿಕೊಳ್ಳುತ್ತಾರೆ.

ಕಾನೂನಿನ ಮಟ್ಟಿಗೆ ಸರಕು ವಾಹನ ಸರಕಿಗೇ ಹೊರತು ಜನರಿಗಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಮಿತಿಮೀರಿದ ಭಾರಕ್ಕೆ 20,000 ರೂಪಾಯಿ ದಂಡ, ಮೇಲಿನ ಒಂದೊಂದು ಟನ್ನಿಗೆ ಮತ್ತೆ 2,000. ಆದರೆ ಹತ್ತು ಆಳು ನಿಂತರೂ ಆರುನೂರು ಕೆ.ಜಿ. ದಾಟುವುದಿಲ್ಲ. ತೂಕದ ಲೆಕ್ಕದಲ್ಲಿ ಯಜಮಾನರು ಸಾಚಾ. ಇನ್ನು ಜನರ ಲೆಕ್ಕ ಕೇಳಬೇಕಾದವರು ಹೆದ್ದಾರಿ 169ರಲ್ಲಿ ಹೆಲ್ಮೆಟ್ಟು ಎಣಿಸುತ್ತಿರುತ್ತಾರೆ; ತೋಟದ ಮಣ್ಣು ರಸ್ತೆಗೆ ಇಳಿದರೆ ಅವರ ಗಾಡಿಯೂ ಜಾರುತ್ತದೆ.

ಟಯರು ಬದಲಿಸಬಹುದಿತ್ತು. ಕಾನೂನು ಕೇಳುವುದು ಟಯರಿನಲ್ಲಿ ಬರೀ 1.6 ಮಿಲಿಮೀಟರ್ ಆಳದ ಗೆರೆ. ಇಲ್ಲಿಯ ಎಷ್ಟೋ ಪಿಕಪ್ಪುಗಳ ಹಿಂದಿನ ಟಯರು ಸವರಿದರೆ ಕೈಗೆ ಹಲಸಿನ ಬೀಜದ ನುಣುಪು. ಚಕ್ರಕ್ಕೆ ಚೈನು ಸುತ್ತಬಹುದು, ಅದು ಹಳೇ ಜೀಪಿನವರಿಗೆಲ್ಲ ಗೊತ್ತಿದ್ದ ವಿದ್ಯೆ. ಚಡಾವಿಗೆ ಎರಡು ಲೋಡು ಜಲ್ಲಿ ಹೊಡೆಸಬಹುದು. ಅದಕ್ಕೆ ಪಂಚಾಯಿತಿ ಯಜಮಾನರ ಕಡೆ ನೋಡುತ್ತದೆ, ಯಜಮಾನರು ಶಾಸಕರ ಕಡೆ ನೋಡುತ್ತಾರೆ, ಶಾಸಕರು ಮಳೆ ಮುಗಿಯಲಿ ಎನ್ನುತ್ತಾರೆ. ಮುಗಿದ ಮೇಲೆ ರಸ್ತೆ ತಾನಾಗಿ ಗಟ್ಟಿಯಾಗುವುದರಿಂದ ದೂರು ಕೊಡಲು ಯಾರೂ ಉಳಿದಿರುವುದಿಲ್ಲ.

ಮೊನ್ನೆ ಶೃಂಗೇರಿ ಪೇಟೆಯಲ್ಲಿ ಇಂಥ ಯಜಮಾನರೊಬ್ಬರು ಕಾಫಿ ಕುಡಿಯುತ್ತ ಸಂಕಟ ತೋಡಿಕೊಂಡರು: “ಈ ವರ್ಷ ಆಳೇ ಸಿಗ್ತಿಲ್ಲ ಮಾರಾಯ್ರೆ. ಔಷಧಿ ಹೊಡೆಯೋದು ಹೇಗೂ ಆಗ್ತದೆ, ಗಾಡಿ ಚಡಾವು ಹತ್ತಿಸೋದು ಹೆಂಗೆ ಹೇಳಿ?”