ಎಲ್ಲಾ ನಿಮ್ಮ ಕೈಗುಣ ಸ್ವಾಮಿ!

ನಿಮ್ಮನೆ ಕಂಪ್ಯೂಟರ್ ಆನ್ ಮಾಡೋಕೆ ಒಂದು ಟೆಕ್ನಿಕ್ ಇದೆ, ಅಲ್ವಾ? ಇಲ್ಲ ಅನ್ಬೇಡಿ. ಪ್ಲಗ್ಗನ್ನ ಕೊಂಚ ಎಡಕ್ಕೆ ಎತ್ತಿ ಹಿಡಿಯೋದೋ, ಸ್ವಿಚ್ ಆಫ್ ಮಾಡಿ ನೂರು ಎಣಿಸೋದೋ, ಡಬ್ಬದ ನೆತ್ತಿಗೆ ಮೆಲ್ಲಗೆ ಒಂದು ಬಿಡೋದೋ, ಏನೋ ಒಂದಿದೆ. ಅದು ನಿಮಗೊಬ್ಬರಿಗೇ ಗೊತ್ತು. (ಮನೆಯವರಿಗೂ ಹೇಳಿಕೊಟ್ಟಿದ್ದೀರಿ. ಆದ್ರೆ ಪೂರ್ತಿ ಹೇಳಿಕೊಟ್ಟಿಲ್ಲ.)

ಮಗಳು ಒತ್ತಿದ್ರೆ ಬರಲ್ಲ, ನೀವು ಒತ್ತಿದ್ರೆ ಬರುತ್ತೆ. ಆಗ ನಿಮ್ಮ ಮುಖ ನೋಡಬೇಕು! "ನೋಡಿದ್ಯಾ, ಹೀಗೆ ಒತ್ಬೇಕು" ಅಂತ ಕುರ್ಚಿ ಎಳ್ಕೊಂಡು ಕೂರ್ತೀರಿ. ರಿಪೇರಿ ಮಾಡಿಸೋಣ ಅಂದ್ರೆ "ಈಗ ಬಂತಲ್ಲ, ಸುಮ್ನೆ ಯಾಕೆ ಖರ್ಚು" ಅಂತೀರಿ. ಖರ್ಚೆಲ್ಲ ನೆಪ. ಅದು ನೆಟ್ಟಗಾಗಿಬಿಟ್ರೆ ಮನೇಲಿ ನಿಮ್ಮ ಕೈಗುಣಕ್ಕೆ ಬೆಲೆ ಎಲ್ಲಿ ಉಳಿಯುತ್ತೆ?

ಬೇಜಾರಾಯ್ತಾ? ಇರ್ಲಿ, ಸ್ವಲ್ಪ ಹತ್ರ ಬನ್ನಿ, ಒಂದು ಗುಟ್ಟು ಹೇಳ್ತೀನಿ. ಒಂದು ದಿನ ಬಂದು ಇನ್ನೊಂದು ದಿನ ಬಾರದ ಕಂಪ್ಯೂಟರಿಗೆ ಮೂಡು ಗೀಡು ಏನೂ ಇಲ್ಲ. ಅದು ಲೆಕ್ಕಾಚಾರವಾಗಿ ಕೈ ಕೊಡುತ್ತೆ. ಆ ಲೆಕ್ಕ ಇರೋದು ನಿಮ್ಮ ಟೆಕ್ನಿಕ್ಕಲ್ಲೇ. ಅದು ಯಾವ ಉಪಾಯಕ್ಕೆ ಬಗ್ಗುತ್ತೋ ಕೆಟ್ಟಿರೋದು ಅಲ್ಲೇ! (ಅಂದ್ರೆ ಅರ್ಧ ಡಯಾಗ್ನೋಸಿಸ್ ನೀವೇ ಮಾಡಿ ಮುಗಿಸಿದ್ದೀರಿ. ಇನ್ನರ್ಧಕ್ಕೆ ಸೋಮಾರಿತನ.)

ಮೊದ್ಲು ಇದು ಹೇಳಿ: "ಆನ್ ಆಗ್ತಿಲ್ಲ" ಅಂತೀರಲ್ಲ, ಏನಾಗುತ್ತೆ? ಫ್ಯಾನೂ ಇಲ್ಲದೆ ಲೈಟೂ ಇಲ್ಲದೆ ಪಿಟ್ಟೆನ್ನದೆ ಕೂತಿರುತ್ತಾ? ಫ್ಯಾನ್ ತಿರುಗಿ ಪರದೆ ಮಾತ್ರ ಕಪ್ಪಗಿರುತ್ತಾ? ಇಲ್ಲಾ ಎರಡು ಸೆಕೆಂಡು ಬಂದು ಹೋಗುತ್ತಾ? ಮೂರೂ ಬೇರೆ ಬೇರೆ ಕಾಯಿಲೆ. ನೀವು ಫೋನಲ್ಲಿ ಎಲ್ಲದಕ್ಕೂ ಒಂದೇ ಮಾತು ಹೇಳ್ತೀರಿ, ರಿಪೇರಿ ಹುಡುಗ ಬಂದು ನೋಡಿದ್ರೆ ಮಾನಿಟರ್ ಕೇಬಲ್ ಕಳಚಿರುತ್ತೆ. (ನಿನ್ನೆ ಅಲ್ಲಿ ಧೂಳು ಹೊಡೆದಿದ್ದು ಯಾರು ಅಂತ ನಾನು ಕೇಳಲ್ಲ.)

ಪಿಟ್ಟೆನ್ನದೆ ಕೂರೋ ಜಾತಿಯದನ್ನೇ ಹಿಡಿಯೋಣ. ಪ್ಲಗ್ ಎತ್ತಿ ಹಿಡಿದ್ರೆ ಬರುತ್ತೆ ಅನ್ನೋರು ನೀವಾದ್ರೆ, ದಯವಿಟ್ಟು ಕಂಪ್ಯೂಟರನ್ನ ಬಯ್ಯೋದು ಬಿಡಿ. ಮೇಜಿನ ಕೆಳಗೆ ಬಗ್ಗಿ ನೋಡಿ. ಗೋಡೆ ಸಾಕೆಟ್ಟಿಗೊಂದು ಎಕ್ಸ್‌ಟೆನ್ಷನ್ ಬೋರ್ಡು, ಅದರ ಬಾಲಕ್ಕೆ ಇನ್ನೊಂದು ಬೋರ್ಡು, ಅದರಲ್ಲಿ ಎರಡು ಮೊಬೈಲ್ ಚಾರ್ಜರು, ಸೊಳ್ಳೆ ಮೆಷಿನ್ನು, ಕೊನೇಲಿ ಜೋತಾಡ್ತಿರೋ ನಿಮ್ಮ ಪ್ಲಗ್ಗು. ಪಿನ್ ಸುತ್ತ ಕಪ್ಪಗಾಗಿದೆಯಾ? ಕೈಗೆ ಬಿಸಿ ಹತ್ತುತ್ತಾ? ಒಳಗೆ ಚಿಟಿಚಿಟಿ ಅನ್ನುತ್ತಾ? ಹಾಗಾದ್ರೆ ಕಂಪ್ಯೂಟರ್ ಹುಡುಗ ಬೇಡ, ಎಲೆಕ್ಟ್ರಿಷಿಯನ್ ಕರೆಸಿ.

ಅಂಗಡಿಗೆ ಹೊತ್ತುಕೊಂಡು ಹೋದ್ರೆ ಮೊದಲನೇ ಸಲಕ್ಕೇ ಆನ್ ಆಗಿ ನಿಮ್ಮ ಮಾನ ಕಳೆದಿದೆ ತಾನೇ? "ಸಾರ್, ಸರಿಯಾಗೇ ಇದೆಯಲ್ಲ" ಅಂತ ಅಂಗಡಿಯವನು ನಕ್ಕಿದ್ದು ಇನ್ನೂ ಚುಚ್ತಿದೆ. ಅವಮಾನದ ಮಾತಲ್ಲ ಅದು, ಸುಳಿವು! ಅಲ್ಲಿ ಗಟ್ಟಿ ಸಾಕೆಟ್ಟು, ನೆಟ್ಟಗಿನ ಅರ್ಥ್, ಹೊಸ ಪವರ್ ಕೇಬಲ್ಲು. ಅಂಗಡೀಲಿ ಪ್ರತಿ ಸಲ ಬಂದು ಮನೇಲಿ ಮಾತ್ರ ಬರಲ್ಲ ಅಂದ್ರೆ ಮೊದಲ ಅನುಮಾನ ನಿಮ್ಮ ಗೋಡೆ ಮೇಲೆ. (ಅನುಮಾನ ಅಷ್ಟೇ. ಹೊತ್ತೊಯ್ದಾಗ ಕುಲುಕಾಡಿ ಒಳಗಿನ ಸಡಿಲ ಕನೆಕ್ಟರೊಂದು ಕೂತ್ಕೊಂಡಿರಲೂಬಹುದು.)

ಅರ್ಥ್ ಅಂದಾಗ ನೆನಪಾಯ್ತು. ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅನ್ನುತ್ತಾ? ಅದಕ್ಕೆ ನೀವು ಕಂಡುಕೊಂಡ ಪರಿಹಾರ ನನಗೆ ಗೊತ್ತು: ಹವಾಯಿ ಚಪ್ಪಲಿ ಹಾಕ್ಕೊಂಡು ಕೂರೋದು! ಎಸ್‌ಎಂಪಿಎಸ್ (ಅದೇ, ಡಬ್ಬದೊಳಗಿನ ಪವರ್ ಸಪ್ಲೈ) ಒಳಗಿನ ಫಿಲ್ಟರ್ ಕೆಪಾಸಿಟರುಗಳು ಸೋರುವ ಚೂರು ಕರೆಂಟನ್ನ ಅರ್ಥ್ ವೈರಿಗೆ ದಾಟಿಸಬೇಕು. ಆ ವೈರು ಎಲ್ಲೋ ಕಟ್ ಆಗಿದ್ರೆ ಡಬ್ಬ ಮೈಮೇಲೆ 230 ವೋಲ್ಟಿನ ಸುಮಾರು ಅರ್ಧ ಹೊತ್ಕೊಂಡು ಕೂತಿರುತ್ತೆ. ಹರಿಯೋ ಕರೆಂಟು ಅತಿ ಕಡಿಮೆ, ಅದಕ್ಕೇ ಜುಮ್ ಅಂತ ನಿಲ್ಲುತ್ತೆ. ಹಾಗಂತ ಚಪ್ಪಲಿ ಅರ್ಥಿಂಗ್ ಅಲ್ಲ ಸ್ವಾಮಿ.

ಈಗ ಗುಂಡಿ ಒತ್ತೋ ಶೂರರ ವಿಷಯ. ಬರಲಿಲ್ಲ ಅಂದ ತಕ್ಷಣ ನೀವೇನು ಮಾಡ್ತೀರಿ? ಟಕಟಕಟಕ ಒತ್ತೋದು, ಆಮೇಲೆ ಸಿಟ್ಟು ಬಂದು ಅದುಮಿ ಹಿಡ್ಕೊಂಡುಬಿಡೋದು. ನಾಲ್ಕು ಸೆಕೆಂಡ್ ಮೀರಿ ಅದುಮಿ ಹಿಡಿದ್ರೆ "ಆಫ್ ಆಗು" ಅಂತ ಅರ್ಥ, ಮದರ್‌ಬೋರ್ಡಿಗೆ ಹಾಗೇ ಹೇಳಿಕೊಟ್ಟಿರೋದು. ಅಂದ್ರೆ ಪಾಪ ಅದು ಏಳ್ತಾ ಇರೋವಾಗ ನೀವೇ ಮಲಗಿಸ್ತಿದ್ದೀರಿ! (ಆಮೇಲೆ ಕೈ ಬಿಟ್ಟು ಮೆಲ್ಲಗೆ ಒತ್ತಿದಾಗ ಬರುತ್ತಲ್ಲ, ಅದೇ ನಿಮ್ಮ ಕೈಗುಣ.)

ಹಿಂದೆ ಹೀಗಿರಲಿಲ್ಲ. ಹಳೇ ಎಟಿ ಕ್ಯಾಬಿನೆಟ್ಟಿನ ಸ್ವಿಚ್ಚು ನೇರವಾಗಿ ಮೇನ್ಸ್ ಕರೆಂಟನ್ನೇ ಕಡಿಯೋದು, ಟಪ್ ಅಂತ ಗತ್ತಿನ ಸದ್ದು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಅನ್ನೋ ವಿನ್ಯಾಸ ತಂದಮೇಲೆ ಗುಂಡಿಯ ಅಧಿಕಾರ ಹೋಯ್ತು. ಈಗ ಅದು ಬರೀ ಅರ್ಜಿ ಕೊಡುತ್ತೆ. ಒತ್ತಿದ್ರೆ ಎರಡು ತೆಳು ವೈರು ಒಂದಕ್ಕೊಂದು ತಾಗುತ್ತೆ, ಮದರ್‌ಬೋರ್ಡು ಎಸ್‌ಎಂಪಿಎಸ್‌ಗೆ ಹೇಳುತ್ತೆ, ಎಸ್‌ಎಂಪಿಎಸ್ ಎದ್ದು ತನ್ನ ವೋಲ್ಟೇಜೆಲ್ಲ ನೆಟ್ಟಗಿದೆ ಅಂತ ಸಿಗ್ನಲ್ ಕೊಡುತ್ತೆ. ಆ ಸಿಗ್ನಲ್ ಬಾರದೆ ಪ್ರೊಸೆಸರ್ ಅಲ್ಲಾಡಲ್ಲ.

ಈ ಸರಪಳೀಲಿ ತುಂಬ ಬಡಪಾಯಿ ಅಂದ್ರೆ ಗುಂಡಿನೇ. ಅದಕ್ಕೆ ನೀವು ಆಯುಧಪೂಜೆ ದಿನ ಏನು ಮಾಡಿದ್ದೀರಿ? ಅರಿಶಿನ ಕುಂಕುಮ ಸರಿಯಾಗಿ ಗುಂಡಿ ಮೇಲೇ! ನೀರಲ್ಲಿ ಕಲೆಸಿ ಬೇರೆ! (ಸೈಡಿನ ತಗಡು ಅಷ್ಟಗಲ ಖಾಲಿ ಇತ್ತಲ್ಲ.) ಅದು ಒಳಗಿಳಿದು ಒಣಗಿ ಗುಂಡಿ ಕಚ್ಕೊಳ್ಳುತ್ತೆ. ಒಂದು ಮೂಲೆಗೆ ಒತ್ತಿದ್ರೆ ಮಾತ್ರ ಬರುತ್ತೆ ಅಂತೀರಲ್ಲ, ರೋಗ ಇಲ್ಲೇ ಇರಬಹುದು.

ಪರೀಕ್ಷೆ ಸುಲಭ. ಪ್ಲಗ್ ತೆಗೆದು, ಡಬ್ಬ ಬಿಚ್ಚಿ, ಮದರ್‌ಬೋರ್ಡಿನ ಮೂಲೇಲಿ ಪವರ್ ಸ್ವಿಚ್ಚಿನ ಪುಟ್ಟ ಕನೆಕ್ಟರ್ ಇದ್ದ ಜಾಗಕ್ಕೆ ರೀಸೆಟ್ ಸ್ವಿಚ್ಚಿನದನ್ನ ಹಾಕಿ. ಎರಡೂ ಒಂದೇ ಥರದ ಸ್ವಿಚ್ಚೇ. ರೀಸೆಟ್ ಒತ್ತಿದಾಗ ಪ್ರತಿ ಸಲ ತಕರಾರಿಲ್ಲದೆ ಬಂದ್ರೆ ಮುಗೀತು, ರೀಸೆಟ್ಟೇ ಇನ್ಮೇಲೆ ಪವರ್ ಬಟನ್. ಕಾಸು ಖರ್ಚಿಲ್ಲದ ರಿಪೇರಿ. (ಮನೆಯವರಿಗೆ ಹೇಳೋವಾಗ ಮಾತ್ರ ಹಣೆ ಬೆವರು ಒರೆಸ್ಕೊಳ್ಳಿ.)

ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟು ಹಾಕಿದ್ರೆ ಬರುತ್ತಾ? ಹಾಗಾದ್ರೆ ಎಸ್‌ಎಂಪಿಎಸ್ ಕಡೆ ತಿರುಗಿ. ಒಳಗೆಲ್ಲೋ ಶಾರ್ಟ್ ಆದ್ರೆ, ವೋಲ್ಟೇಜ್ ಎಡವಟ್ಟಾದ್ರೆ ಅದು ತನ್ನನ್ನ ತಾನೇ ಬಂದ್ ಮಾಡ್ಕೊಳ್ಳುತ್ತೆ. ಮದುವೆ ಮನೇಲಿ ಮುನಿಸಿಕೊಂಡ ಬೀಗರ ಹಾಗೆ, ನೀವು ಎಷ್ಟು ಕರೆದ್ರೂ ಏಳಲ್ಲ. ಕರೆಂಟು ಪೂರ್ತಿ ಕಡಿದು, ಒಳಗೆ ಉಳಿದ ಚಾರ್ಜೆಲ್ಲ ಇಳಿದಮೇಲೇ ಸಮಾಧಾನ. ಪ್ಲಗ್ ತೆಗೆದಾಗಲೇ ಗುಂಡೀನ ಅರ್ಧ ನಿಮಿಷ ಒತ್ತಿ ಹಿಡಿದ್ರೆ ಆ ಚಾರ್ಜು ಬೇಗ ಇಳಿಯುತ್ತೆ.

ಇನ್ನು "ಬೆಳಿಗ್ಗೆ ಬರಲ್ಲ, ಒಂದ್ಸಲ ಬಂದ್ರೆ ರಾತ್ರಿವರೆಗೂ ತೊಂದ್ರೆ ಇಲ್ಲ" ಅನ್ನೋರು. ನಿಮ್ಮ ಗುಂಪು ದೊಡ್ಡದು. ಗೋಡೆ ಸ್ವಿಚ್ ಆನ್ ಇರೋವರೆಗೂ ಎಸ್‌ಎಂಪಿಎಸ್‌ನ ಒಂದು ಪುಟ್ಟ ಸರ್ಕ್ಯೂಟು 5 ವೋಲ್ಟ್ ಹಿಡ್ಕೊಂಡು ಎಚ್ಚರವಾಗೇ ಇರುತ್ತೆ. ನೀವು ಒತ್ತಿದ ಅರ್ಜಿ ಮದರ್‌ಬೋರ್ಡಿಗೆ ಕೇಳಿಸೋದು ಅದರ ಬಲದಿಂದಲೇ. ಹಗಲೂ ರಾತ್ರಿ ದುಡಿಯೋದ್ರಿಂದ ಅದರ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಬೇಗ ಮುದಿಯಾಗುತ್ತೆ.

ಆ ಕೆಪಾಸಿಟರಿನೊಳಗೆ ಒಂದು ದ್ರವ ಇರುತ್ತೆ. ಶಾಖಕ್ಕೆ ಅದು ಮೆಲ್ಲಗೆ ಆರುತ್ತೆ. (ಪ್ರತಿ 10 ಡಿಗ್ರಿ ಬಿಸಿ ಏರಿದ್ರೆ ಆಯಸ್ಸು ಅರ್ಧ ಅಂತ ಎಲೆಕ್ಟ್ರಾನಿಕ್ಸ್‌ನವರ ಅಂದಾಜು. ನಿಮ್ಮ ಡಬ್ಬವನ್ನ ಗಾಳಿಯಾಡದ ಮೇಜಿನ ಗೂಡಿಗೆ ತುರುಕಿ, ಮೇಲೆ ಕಸೂತಿ ಬಟ್ಟೆ ಹೊದಿಸಿದ್ದೀರಲ್ಲ, ಅದಕ್ಕೇ ಹೇಳಿದೆ.) ಅರ್ಧ ಆರಿದ ಕೆಪಾಸಿಟರು ತಣ್ಣಗಿದ್ದಾಗ ಇನ್ನೂ ಸೋಮಾರಿ, ಸ್ವಲ್ಪ ಬಿಸಿಯಾದ್ರೆ ಹೇಗೋ ಕೆಲ್ಸ ಮಾಡುತ್ತೆ. ಮಡಿಕೇರಿ, ಚಿಕ್ಕಮಗಳೂರು ಕಡೆಯವರೇ, ಡಿಸೆಂಬರ್ ಬೆಳಗ್ಗೆ ನಿಮ್ಮನೇಲಿ ಆಗ್ತಿರೋದು ಇದೇ ಇರಬಹುದು.

2000ನೇ ಇಸವಿ ಆಚೀಚೆ ಕೆಲವು ವರ್ಷ ಈ ದ್ರವವೇ ಕಳಪೆಯಾಗಿ, ಪ್ರಪಂಚದಾದ್ಯಂತ ಮದರ್‌ಬೋರ್ಡುಗಳ ಕೆಪಾಸಿಟರ್ ತಲೆ ಉಬ್ಬಿ ಒಡೆದವು. ನಿಮ್ಮ ಅಟ್ಟದ ಮೇಲಿನ ಹಳೇದನ್ನ ಬಿಚ್ಚಿ ನೋಡಿ, ನೆತ್ತಿ ಚಪ್ಪಟೆ ಇರಬೇಕಾದ ಕಡೆ ಉಬ್ಬಿರಬಹುದು. ಆದ್ರೆ ಎಸ್‌ಎಂಪಿಎಸ್ ಡಬ್ಬಿ ಮಾತ್ರ ಬಿಚ್ಚಬೇಡಿ, ಪ್ಲಗ್ ತೆಗೆದಿದ್ರೂ ಬೇಡ. ಒಳಗಿನ ದೊಡ್ಡ ಕೆಪಾಸಿಟರಲ್ಲಿ 300 ವೋಲ್ಟಿಗೂ ಮೀರಿ ಉಳಿದಿರಬಹುದು. ಅಲ್ಲಿ ಕೈಗುಣ ನಡೆಯಲ್ಲ.

ಉಳಿದೋರು ತಟ್ಟೋರು. ತಟ್ಟಿದ್ರೆ ಬರುತ್ತೆ ಅಂದ್ರೆ ಒಳಗೆಲ್ಲೋ ಸಡಿಲ: ರ‍್ಯಾಮ್ ಇರಬಹುದು, ಮದರ್‌ಬೋರ್ಡಿನ 24 ಪಿನ್ನಿನ ಕನೆಕ್ಟರ್ ಇರಬಹುದು. ಕಿತ್ತು ಮತ್ತೆ ಒತ್ತಿ ಕೂರಿಸಿ, ರ‍್ಯಾಮಿನ ಚಿನ್ನದ ಹಲ್ಲುಗಳನ್ನ ಸ್ಕೂಲ್ ರಬ್ಬರಲ್ಲಿ ಮೆಲ್ಲಗೆ ಉಜ್ಜಿ ಪುಡಿ ಒರೆಸಿ. ತಟ್ಟೋ ಚಟ ಮಾತ್ರ ಬಿಡಿ. ಹಳೇ ಥರದ ಹಾರ್ಡ್ ಡಿಸ್ಕಿದ್ರೆ ತಿರುಗೋ ತಟ್ಟೆಗೂ ಓದೋ ಹೆಡ್ಡಿಗೂ ನಡುವೆ ಕೂದಲೆಳೆ ದಪ್ಪಕ್ಕಿಂತಲೂ ಸಾವಿರಾರು ಪಟ್ಟು ಕಡಿಮೆ ಜಾಗ. ನಿಮ್ಮ ಒಂದು ಪ್ರೀತಿಯ ಏಟಿಗೆ ಮದುವೆ ಫೋಟೋ ಅಷ್ಟೂ ಢಮಾರ್!

ಹಾಂ, ಗಡಿಯಾರ ಪ್ರತಿ ಸಲ ಯಾವುದೋ ಹಳೇ ಇಸವಿ ತೋರಿಸ್ತಿದ್ರೆ ಮದರ್‌ಬೋರ್ಡಿನ ಸಿಆರ್2032 ಬಿಲ್ಲೆ ಬ್ಯಾಟರಿ ಹೋಗಿದೆ. ಚಿಲ್ಲರೆ ದುಡ್ಡು, ಹಾಕಿಸಿ. ಆದ್ರೆ ಸಾಮಾನ್ಯವಾಗಿ ಆನ್ ಆಗದೇ ಇರೋದಕ್ಕೂ ಅದಕ್ಕೂ ಸಂಬಂಧ ಇರಲ್ಲ.

ಇಷ್ಟೆಲ್ಲ ಆಗಿ ಎಸ್‌ಎಂಪಿಎಸ್ಸೇ ಹೋಗಿದೆ ಅಂತ ಖಾತ್ರಿ ಆಯ್ತು ಅನ್ನಿ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗ್ತೀರಿ. ಮಿಣಮಿಣ ಬಣ್ಣದ ಕೀಬೋರ್ಡಿಗೆ ಕೇಳಿದಷ್ಟು ಕೊಡೋ ನೀವು, ಎಸ್‌ಎಂಪಿಎಸ್ ಅಂದ್ರೆ "ಇನ್ನೂ ಕಮ್ಮೀದು ತೋರ್ಸಿ" ಅಂತೀರಿ. ಇಡೀ ಮನೆತನಕ್ಕೆ ಅನ್ನ ಹಾಕೋದು ಅದೇ ಕಣ್ರೀ! ಸ್ಟಿಕ್ಕರಿನ ವಾಟ್ ನೋಡಿ ಮರುಳಾಗಬೇಡಿ. ಕೈಗೆತ್ತಿದ್ರೆ ಹತ್ತಿ ಥರ ಹಗುರ ಇದ್ರೆ ಅಲ್ಲೇ ಇಟ್ಟು ಬನ್ನಿ.

ಮೆಕ್ಯಾನಿಕ್ ಬಂದಾಗ ನಿಜ ಹೇಳಿ. "ನಾವೇನೂ ಮಾಡಿಲ್ಲ, ತಾನಾಗೇ ಹೀಗಾಯ್ತು" ಅನ್ನೋ ಹಳೇ ಹೇಳಿಕೆ ಬೇಡ. ಯಾವ ಹೊತ್ತಲ್ಲಿ ಬರಲಿಲ್ಲ, ಏನು ಮಾಡಿದಾಗ ಬಂತು ಅಂತ ಹಾಲಿನ ಲೆಕ್ಕದ ಕ್ಯಾಲೆಂಡರಲ್ಲೇ ಗೀಚಿಟ್ಟು ತೋರಿಸಿ. ನಿಮ್ಮ ಟೆಕ್ನಿಕ್ಕನ್ನ ನಾಚಿಕೆ ಬಿಟ್ಟು ಮಾಡಿ ತೋರಿಸಿ. ಅವನ ಅರ್ಧ ಗಂಟೆ ಉಳಿಯುತ್ತೆ, ನಿಮ್ಮ ದುಡ್ಡೂ.

ಆದ್ರೆ ಅವನಿಗೆ ಫೋನ್ ಮಾಡೋಕೆ ಮುಂಚೆ ಒಂದು ಕೆಲ್ಸ ಇದೆ. ಈಗ ಹೇಗೂ ಆನ್ ಆಗಿದೆ. ಫೋಟೋಗಳು, ಮಗಳ ಪ್ರಾಜೆಕ್ಟು, ಟ್ಯಾಕ್ಸ್ ಕಾಗದ, ಎಲ್ಲಾನೂ ಒಂದು ಹಾರ್ಡ್ ಡಿಸ್ಕಿಗೋ ಪೆನ್‌ಡ್ರೈವಿಗೋ ಹಾಕ್ಕೊಳ್ಳಿ. ಭಾನುವಾರ ನೋಡೋಣ ಅನ್ಬೇಡಿ ಮಾರಾಯ್ರೇ, ಈಗಲೇ ಏಳಿ!