ಗೌಡರ ಬಂದೂಕು, ಅಜ್ಜನ ಚಿಲುಮಿ

ಗಾಂಜಾ ಸೇದುವವನ ಕೈಗೆ ಬಂದೂಕು ಕೊಡಬಹುದೋ ಬಾರದೋ ಎಂದು ಅಮೆರಿಕದವರು ವರ್ಷಗಟ್ಟಲೆ ಕೋರ್ಟು ಹತ್ತಿ ಇಳಿಯುತ್ತಿದ್ದಾರೆ. ಅವರ 1968ರ ಕಾನೂನು ಕೂಡದು ಅನ್ನುತ್ತದೆ. ಅತ್ತ ಎಷ್ಟೋ ರಾಜ್ಯಗಳಲ್ಲಿ ಗಾಂಜಾ ರಾಜಾರೋಷವಾಗಿ ಅಂಗಡಿಗೆ ಬಂದು ಕೂತಿದೆ. ಬಂದೂಕಿನ ಅರ್ಜಿಯಲ್ಲಿ ಚಟವಿಲ್ಲವೆಂದು ಸುಳ್ಳು ಬರೆದದ್ದಕ್ಕೆ 2024ರಲ್ಲಿ ಅಧ್ಯಕ್ಷರ ಮಗ ಹಂಟರ್ ಬೈಡನ್ನೇ ತಪ್ಪಿತಸ್ಥನಾದ. ಅವನದು ಗಾಂಜಾ ಅಲ್ಲ, ಅದರಪ್ಪನಂಥ ಕೊಕೇನು. ಕೊನೆಗೆ ಕ್ಷಮಾದಾನ ಕೊಟ್ಟು ಬಿಡಿಸಿದ್ದು ಅವನ ಅಪ್ಪ.

ಸಿಂಧನೂರು, ಲಿಂಗಸುಗೂರು, ಮಸ್ಕಿಯವರಿಗೆ ಈ ತಲೆಬಿಸಿಯೇ ಇಲ್ಲ. ಇಲ್ಲಿ ಬಂದೂಕು ಗೌಡರ ಪಡಸಾಲೆಯಲ್ಲಿ, ಚಿಲುಮಿ ಮಠದ ಕಟ್ಟೆಯ ಮೇಲೆ. ಲಿಂಗಸುಗೂರು ದಾಟಿ ಸುರಪುರದ ದಾರಿ ಹಿಡಿದರೆ ಕೃಷ್ಣೆಯ ದಂಡೆಗೆ ತಿಂಥಣಿ ಮೌನೇಶ್ವರ. ಅಲ್ಲಿಯ ಜಾತ್ರೆಯಲ್ಲಿ ಗಾಂಜಾ ಪ್ರಸಾದವೆಂದು 2020ರಲ್ಲಿ ಪತ್ರಿಕೆಗಳು ಬರೆದಾಗ ಬೆಂಗಳೂರಿನವರು ಹೌಹಾರಿದರು, ಸೀಮೆಯವರು ಆಕಳಿಸಿದರು. ಕಾನೂನಿನ ಪ್ರಕಾರ ಸೇದಿದವನಿಗೆ 6 ತಿಂಗಳವರೆಗೆ ಜೈಲು, ಇಲ್ಲವೆ 10,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಕಟ್ಟೆಯ ಅಜ್ಜ ಬೇಡುವುದು ಒಂದು ಬೆಂಕಿಕಡ್ಡಿ. ಬಂದೂಕಿನ ಲೈಸೆನ್ಸು ಬೇಕೆಂದು ಅವನು ಡಿಸಿ ಆಫೀಸಿನ ಮೆಟ್ಟಿಲು ಹತ್ತಿದ್ದನ್ನು ಕಂಡವರಿಲ್ಲ.

ಹತ್ತುವವರು ಗೌಡರು. ಕೊಡವರಿಗೆ ಲೈಸೆನ್ಸಿನ ವಿನಾಯಿತಿ 2029ರವರೆಗೆ ಉಂಟು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಕುಡಿದವರಿಗೆ ಆ ಭಾಗ್ಯವಿಲ್ಲ. ಹಾಗಾಗಿ ಅರ್ಜಿಯಲ್ಲಿ ಕಾರಣ ಬರೆಯಬೇಕು. ಬೆಳೆ ರಕ್ಷಣೆ, ಹಂದಿ ಕಾಟ. ನೆಲ್ಲಿನ ಗದ್ದೆಗೆ ಹಂದಿ ನುಗ್ಗುವುದು ನಿಜವೇ. ಬಂದೂಕು ಮಾತ್ರ ಗದ್ದೆಯ ಕಡೆ ಮುಖ ಹಾಕದೆ, ಪಡಸಾಲೆಯ ಗೋಡೆಯಲ್ಲಿ, ಬೀಗರು ಕೂರುವ ಜಾಗಕ್ಕೆ ಸರಿಯಾಗಿ ಎದುರಿಗೆ ತೂಗುತ್ತದೆ. ಮೊದಲು ಮೂರು ಇಟ್ಟುಕೊಳ್ಳಬಹುದಿತ್ತು, 2019ರ ತಿದ್ದುಪಡಿ ಎರಡಕ್ಕೆ ಇಳಿಸಿತು. ಗೋಡೆಯಲ್ಲಿ ಒಂದು ಮೊಳೆ ಖಾಲಿ. ಬೀಗರು ಏನಂದುಕೊಂಡಾರು!

2016ರ ನಿಯಮದಂತೆ ವೈದ್ಯರ ಪ್ರಮಾಣಪತ್ರವೂ ಬೇಕು: ತಲೆ ನೆಟ್ಟಗಿದೆ, ಅಮಲು ಪದಾರ್ಥಕ್ಕೆ ದಾಸನಲ್ಲ ಎಂದು. ಅಲ್ಲಿ ನಡೆಯುವ ಮಾತುಕತೆ ಊಹಿಸಿಕೊಳ್ಳಿ.

"ಗೌಡ್ರ, ಗಾಂಜಾ ಗೀಂಜಾ?"

"ಶಿವ ಶಿವಾ! ಏನಂತ ಕೇಳ್ತೀರಿ ಸಾಹೇಬ್ರ? ನಮ್ಮ ಮನಿತನ ಅಂಥಾದ್ದಲ್ಲರಿ."

"ಮತ್ತ ಬ್ಯಾರೆ ಏನರ?"

"ಏನಿಲ್ಲರಿ. ಸಂಜಿಮುಂದ ಅಷ್ಟು..."

"ಅದು ಬಿಡ್ರಿ, ಅದಕ್ಕ ಸರ್ಕಾರಕ್ಕ ಟ್ಯಾಕ್ಸ್ ಕಟ್ಟೀರಿ."

ಠಪ್ಪನೆ ಸೀಲು ಬಿತ್ತು.

ಈ ಸೀಲಿನ ಮೇಲೆ ಸರ್ಕಾರಕ್ಕೆ ಎಷ್ಟು ನಂಬಿಕೆ ಎಂಬುದು ಚುನಾವಣೆ ಘೋಷಣೆಯಾದಾಗ ಗೊತ್ತಾಗುತ್ತದೆ. ಲೈಸೆನ್ಸುದಾರರು ಬಂದೂಕು ತಂದು ಠಾಣೆಗೆ ಒಪ್ಪಿಸಬೇಕೆಂದು ಆದೇಶ ಹೊರಡುತ್ತದೆ. ಐದು ವರ್ಷಕ್ಕೆ ಲೈಸೆನ್ಸು ಪಡೆದ ನೆಟ್ಟಗಿನ ತಲೆ, ನೀತಿಸಂಹಿತೆ ಬಂದೊಡನೆ ನೆಚ್ಚಲಾಗದ ತಲೆ! ಅಶೋಕನ ಹೆಸರೇ ಕೆತ್ತಿದ ಶಾಸನ 1915ರಲ್ಲಿ ಸಿಕ್ಕಿದ್ದು ಮಸ್ಕಿಯ ಬಂಡೆಯಲ್ಲಿ. ಅವನಿಗೆ ಯುದ್ಧ ಸಾಕೆನಿಸಲು ಕಳಿಂಗದ ಹೆಣಗಳನ್ನು ನೋಡಬೇಕಾಯಿತು. ಆಯುಧ ಕೆಳಗಿಡಲು ನಮ್ಮ ಗೌಡರಿಗೆ ಒಂದು ನೋಟಿಸು ಸಾಕು.

ಪೇದೆ ನಳಿಗೆಗೆ ಚೀಟಿ ಕಟ್ಟಿ, ನಂಬರು ಬರೆದು, ರಸೀದಿ ಹರಿದು ಕೊಡುತ್ತಾನೆ. ಗೌಡರು ಅದನ್ನು ಮಡಚಿ ಜೇಬಿಗಿಟ್ಟು ಊರಿಗೆ ಮರಳುತ್ತಾರೆ. ಕತ್ತಲಾದ ಮೇಲೆ ಟಾಟಾ ಏಸ್ ಒಂದು ದೀಪ ಆರಿಸಿ ಬಂದು ಅವರ ಹಿತ್ತಲಲ್ಲಿ ಬಾಕ್ಸುಗಳನ್ನು ಇಳಿಸುತ್ತದೆ. ಅದಕ್ಕೆ ರಸೀದಿ ಇರುವುದಿಲ್ಲ.