ಬೈಯುವುದಕ್ಕೆ ಒಬ್ಬರು ಬೇಕು

ನಮ್ಮ ಮನೆಯ ಆಗ್ನೇಯ ಮೂಲೆಗೆ ಮೂವರು ಹಕ್ಕುದಾರರು. ವಾಸ್ತುವಿನ ಪ್ರಕಾರ ಅದು ಅಗ್ನಿಯ ಜಾಗವಾದ್ದರಿಂದ ಅಡುಗೆಮನೆ ಅಲ್ಲಿದೆ. ಅಡುಗೆಮನೆಯ ಹಿಂದೆಯೇ ಅಜ್ಜ ನೆಟ್ಟ ಹಲಸಿನ ಮರವಿದೆ. ಮೂರನೆಯದು ಉಪಗ್ರಹ. ಅದು ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯ ಜೊತೆಜೊತೆಗೇ ಸುತ್ತುತ್ತ, ನಮ್ಮ ಪಾಲಿಗೆ ಅಲ್ಲಾಡದೆ ನಿಂತಿರುತ್ತದೆ. ನಾವು ಆ ವೃತ್ತದ ಉತ್ತರಕ್ಕಿರುವವರಾದ್ದರಿಂದ ನಮ್ಮ ಡಿಶ್‌ಗಳು ದಕ್ಷಿಣಕ್ಕೆ ಮುಖ ಮಾಡಬೇಕು. ನಮ್ಮ ಮಲೆನಾಡಿನ ಸಾಗರ ಪೇಟೆಯ ಕಡೆಯಿಂದಾದರೆ ಪೂರ್ವಕ್ಕೂ ವಾಲಬೇಕು. ಅಂದರೆ ಆಗ್ನೇಯ. ಅಂದರೆ ಹಲಸಿನ ಮರ. ಹೀಗಾಗಿ ಡಿಶ್ ಹಾಕಿಸುವುದೋ ಕೇಬಲ್‌ನಲ್ಲೇ ಮುಂದುವರಿಯುವುದೋ ಎಂಬ ಚರ್ಚೆ ನಮ್ಮಲ್ಲಿ ಟಿವಿಯಿಂದ ಶುರುವಾಗಲಿಲ್ಲ, ಮರದಿಂದ ಶುರುವಾಯಿತು.

"ಸೀರಿಯಲ್ ನೋಡೋಕೆ ಅಂತ ಫಲ ಕೊಡೋ ಮರ ಕಡೀತಾರಾ ಯಾರಾದ್ರೂ?" ಎಂದಳು ಅಮ್ಮ. ಸೀರಿಯಲ್ ನೋಡುವವಳು ಮನೆಯಲ್ಲಿ ಅವಳೊಬ್ಬಳೇ ಎಂಬುದನ್ನು ಯಾರೂ ನೆನಪಿಸಲಿಲ್ಲ.

ಡಿಶ್ ಪಕ್ಷಕ್ಕೆ ನಾಯಕರು ನಮ್ಮ ಮಾವ. ಹೆಂಡತಿಯ ತಂದೆ, ನಿವೃತ್ತ ಮೇಷ್ಟರು, ಮಳೆಗಾಲ ನೋಡಿಕೊಂಡು ಹೋಗುತ್ತೇನೆಂದು ಬಂದರೆ ದೀಪಾವಳಿಯ ಹೋಳಿಗೆ ಉಂಡೇ ಹೊರಡುವವರು. ಉಪಗ್ರಹದ ವಿಷಯದಲ್ಲಿ ಅವರದು ಅನುಭವದ ಮಾತು. 1975ರ ಆಗಸ್ಟ್‌ನಲ್ಲಿ ಅಮೆರಿಕದ ಎಟಿಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಕಡ ತಂದು ಇಸ್ರೋದವರು ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ತೋರಿಸಿದರು. ನಮ್ಮ ರಾಜ್ಯದಿಂದ ಆಗಿನ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಆರಿಸಲ್ಪಟ್ಟಿದ್ದವು. ಮಾವ ಆಗ ರಾಯಚೂರು ಜಿಲ್ಲೆಯ ಅಂಥದೊಂದು ಊರಿನಲ್ಲಿ ಹೊಸ ಮೇಷ್ಟರು. ಕೋಳಿಗೂಡಿಗೆ ಬಡಿಯುವ ತಂತಿಬಲೆಯಿಂದ ಮಾಡಿದ ಹತ್ತಡಿ ಅಗಲದ ಛತ್ರಿ, ಅದರ ಕೆಳಗೆ ಟಿವಿ, ಎದುರಿಗೆ ಇಡೀ ಊರು.

"ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ನಾವು ಡಿಶ್ಶಲ್ಲಿ ನೋಡಿದೀವಿ" ಎಂದು ಮಾವ ಬೆನ್ನು ನೇರ ಮಾಡಿಕೊಂಡರು.

"ಆಮೇಲೆ?"

"ಆಮೇಲೆ 1976ರ ಜುಲೈಗೆ ಅವಧಿ ಮುಗೀತು. ಅಮೆರಿಕದವರು ಉಪಗ್ರಹಾನ ಆಚೆ ಕಡೆ ಸರಿಸ್ಕೊಂಡ್ರು."

"ಹಾಗಾದ್ರೆ ಮೇಷ್ಟ್ರೇ, ಅವತ್ತೂ ರೀಚಾರ್ಜ್ ಮುಗಿದಿದ್ದೇ ಅನ್ನಿ" ಎಂದಳು ಅಮ್ಮ.

ಅಮ್ಮ ಕೇಬಲ್ ಪಕ್ಷ. ಪಕ್ಷ ಎನ್ನುವುದಕ್ಕಿಂತ ಕೇಬಲ್ ಹುಡುಗನ ಪಕ್ಷ. ಈ ಹುಡುಗನ ಮೀಸೆ ಈಗ ಅರ್ಧ ಬೆಳ್ಳಗಾಗಿದೆ; ಮಗಳ ಮದುವೆಯೂ ಆಗಿದೆ. ಆದರೂ ಊರಿಗೆ ಅವನು ಕೇಬಲ್ ಹುಡುಗನೇ. ವಿಸಿಆರ್‌ನಲ್ಲಿ ಕ್ಯಾಸೆಟ್ ಹಾಕಿ ರಾತ್ರಿ ಒಂಬತ್ತಕ್ಕೆ ಊರಿಗೆಲ್ಲ ಒಂದೇ ಸಿನಿಮಾ ಬಿಡುತ್ತಿದ್ದ ಕಾಲದಿಂದ ಅವನು ನಮ್ಮ ಮನೆಗೆ ಬರುತ್ತಿದ್ದಾನೆ. 1994ರಲ್ಲಿ ಉದಯ ಟಿವಿ ಶುರುವಾದಾಗ ಏಣಿ ಹಾಕಿ ಹತ್ತಿ ವೈರ್ ಎಳೆದವನೂ ಅವನೇ. ತಿಂಗಳ ಮೊದಲ ವಾರ ದುಡ್ಡಿಗೆ ಬರುತ್ತಾನೆ. ಬಂದವನು ಕಟ್ಟೆಯ ಮೇಲೆ ಕೂತು, ಮಜ್ಜಿಗೆ ಕುಡಿದು, ಯಾರ ಮನೆಯಲ್ಲಿ ಗೃಹಪ್ರವೇಶ, ಯಾರ ತೋಟಕ್ಕೆ ಕೊಳೆರೋಗ, ಯಾವ ಲೈನ್‌ಮನ್‌ಗೆ ವರ್ಗ ಎಂಬುದನ್ನೆಲ್ಲ ಹೇಳುತ್ತಾನೆ. ಅವನ ವೈರ್‌ನಲ್ಲಿ ಬರುವ ವಾರ್ತೆಗಿಂತ ಅವನ ಬಾಯಲ್ಲಿ ಬರುವ ವಾರ್ತೆ ಅಮ್ಮನಿಗೆ ಹೆಚ್ಚು ಸ್ಪಷ್ಟ.

ಎರಡೂ ಪಕ್ಷಗಳ ಪ್ರಣಾಳಿಕೆಯನ್ನು ಪರೀಕ್ಷಿಸಲು ಮಲೆನಾಡಿನ ಜುಲೈಗಿಂತ ಒಳ್ಳೆಯ ತಿಂಗಳಿಲ್ಲ. ಡಿಶ್‌ಗೆ ಬರುವ ತರಂಗದ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು. ಹನಿ ದಪ್ಪವಾಗಿ, ದಟ್ಟವಾಗಿ ಬಿದ್ದಷ್ಟೂ ಆ ತರಂಗವನ್ನು ಹೀರುತ್ತದೆ, ಚೆದುರಿಸುತ್ತದೆ. 36,000 ಕಿಲೋಮೀಟರ್ ನೆಟ್ಟಗೆ ಬಂದದ್ದು ಕೊನೆಯ ಮೂರ್ನಾಲ್ಕು ಕಿಲೋಮೀಟರಿನಲ್ಲಿ ನಮ್ಮೂರ ಮಳೆಗೆ ಸಿಕ್ಕಿ ಸೋಲುತ್ತದೆ. ಮೊದಲು ನಾಯಕಿಯ ಮುಖ ಚೌಕಚೌಕವಾಗುತ್ತದೆ, ಆಮೇಲೆ ಮಾತು ತೊದಲುತ್ತದೆ, ಕೊನೆಗೆ ಸಿಗ್ನಲ್ ಇಲ್ಲವೆಂಬ ಫಲಕ.

"ನೋಡಿದ್ರಾ?" ಎಂದಳು ಅಮ್ಮ, ಪಕ್ಕದೂರಿನ ತಂಗಿಯ ಮನೆಯಲ್ಲಿ ಇದನ್ನು ಕಣ್ಣಾರೆ ಕಂಡು ಬಂದು.

ಕೇಬಲ್‌ಗೆ ಮಳೆಯ ಹೆದರಿಕೆಯಿಲ್ಲ ನಿಜ. ಅದಕ್ಕೆ ಹೆದರಿಕೆಯಿರುವುದು ಕರೆಂಟಿನದು. ವೈರ್‌ನಲ್ಲಿ ಹರಿಯುತ್ತ ಹರಿಯುತ್ತ ಸಿಗ್ನಲ್ ಸೊರಗುತ್ತದೆಂದು ಕೇಬಲ್ ಹುಡುಗ ದಾರಿಯುದ್ದಕ್ಕೂ ಅಲ್ಲಲ್ಲಿ ಆಂಪ್ಲಿಫೈಯರ್ ಡಬ್ಬಿ ಕೂರಿಸಿದ್ದಾನೆ. ಒಂದೊಂದು ಡಬ್ಬಿಗೂ ಒಂದೊಂದು ಮನೆಯಿಂದಲೋ ಅಂಗಡಿಯಿಂದಲೋ ಕರೆಂಟು. ನಮ್ಮ ಸಾಲಿನ ಡಬ್ಬಿ ಇರುವುದು ತಿರುವಿನ ಹಿಟ್ಟಿನ ಗಿರಣಿಯಲ್ಲಿ. ನಮ್ಮ ಮನೆಯಲ್ಲಿ ಯುಪಿಎಸ್ ಇದೆ, ಗಿರಣಿಯಲ್ಲಿಲ್ಲ. ಕರೆಂಟು ಹೋದರೆ ನಮ್ಮ ಟಿವಿ ಉರಿಯುತ್ತದೆ, ಅದರಲ್ಲಿ ತೋರಿಸಲು ಏನೂ ಇರುವುದಿಲ್ಲ. ಡಿಶ್ ಇದ್ದರೆ ಯುಪಿಎಸ್‌ನಲ್ಲೇ ಬರುತ್ತದೆ ಎಂದು ಮಾವ ತಕ್ಷಣ ವಾದ ಮುಂದಿಟ್ಟರು. ಆದರೆ ನಮ್ಮಲ್ಲಿ ಕರೆಂಟು ಹೋಗುವುದು ಜೋರು ಮಳೆ ಬಂದಾಗ. ಜೋರು ಮಳೆ ಬಂದಾಗ ಡಿಶ್ ಇಲ್ಲ. ಎರಡನ್ನೂ ಕೂಡಿಸಿ ಕಳೆದರೆ ಉಳಿಯುವುದು ಹಪ್ಪಳ ಸುಟ್ಟು ತಿನ್ನುವುದೊಂದೇ.

ಮಂಗಗಳು ಈ ವಿಷಯದಲ್ಲಿ ಯಾವ ಪಕ್ಷಕ್ಕೂ ಸೇರಿಲ್ಲ. ಕೇಬಲ್ ಮನೆಯಲ್ಲಿ ವೈರ್ ಹಿಡಿದು ಜೋಲಿ ಹೊಡೆಯುತ್ತವೆ, ಡಿಶ್ ಮನೆಯಲ್ಲಿ ತಟ್ಟೆಯ ಮೇಲೆ ಕೂತು ಹೇನು ಹೆಕ್ಕುತ್ತವೆ. ತಟ್ಟೆ ಒಂದೆರಡು ಡಿಗ್ರಿ ಅಲುಗಿದರೆ ಉಪಗ್ರಹ ತಪ್ಪಿಹೋಗುತ್ತದೆ. ಕೋಟಿಗಟ್ಟಲೆ ಸುರಿದು ಹಾರಿಸಿದ್ದನ್ನು ಕೆಡಿಸಲು ಒಂದು ಮರಿಮಂಗ ಸಾಕು.

ದುಡ್ಡಿನ ಲೆಕ್ಕದಲ್ಲಾದರೂ ಒಂದು ತೀರ್ಮಾನ ಸಿಗಬಹುದೆಂದುಕೊಂಡೆ. ಅಷ್ಟರಲ್ಲಿ 2019ರ ಫೆಬ್ರುವರಿ ಬಂತು. ಇನ್ನು ಮುಂದೆ ಬೇಕಾದ ಚಾನೆಲ್‌ಗೆ ಮಾತ್ರ ದುಡ್ಡು ಕೊಡಿ ಎಂಬ, ನಿಯಂತ್ರಕ ಸಂಸ್ಥೆ ಟ್ರಾಯ್‌ನ ನಿಯಮ ಜಾರಿಯಾಯಿತು. ಆಗ ಕೇಬಲ್ ಇರಲಿ, ಡಿಶ್ ಇರಲಿ, ನೂರು ಚಾನೆಲ್‌ವರೆಗೆ ತಿಂಗಳಿಗೆ ಹೆಚ್ಚೆಂದರೆ 130 ರೂಪಾಯಿ, ಅದರ ಮೇಲೆ ತೆರಿಗೆ 18 ಪರ್ಸೆಂಟ್. ಒಟ್ಟು 153 ರೂಪಾಯಿ 40 ಪೈಸೆ. ಇದು ಬಾಗಿಲು ತೆಗೆಯುವುದಕ್ಕೆ. ಒಳಗೆ ಬಂದ ಮೇಲೆ ದುಡ್ಡಿನ ಚಾನೆಲ್‌ಗಳಿಗೆ ಒಂದೊಂದಕ್ಕೂ ಬೇರೆ ಬೆಲೆ. ಜನ ಕೇಳುವ ಬಹಳಷ್ಟು ಚಾನೆಲ್‌ಗಳದ್ದು ಆಗ 19 ರೂಪಾಯಿ. ಎರಡಕ್ಕೂ ಒಂದೇ ದರವಾಗಿ ನನ್ನ ಜಿಪುಣತನಕ್ಕೆ ಆಧಾರವೇ ಇಲ್ಲದಂತಾಯಿತು. 40 ಪೈಸೆಯನ್ನು ಕೇಬಲ್ ಹುಡುಗ ಹೇಗೆ ವಸೂಲು ಮಾಡುತ್ತಾನೆಂಬ ಕುತೂಹಲ ನನಗಿತ್ತು. ಅವನು ಎಲ್ಲವನ್ನೂ ದುಂಡು ಮಾಡಿದ, ಮೇಲಕ್ಕೆ.

ಆದರೆ ಆ ನಿಯಮದಿಂದ ಮನೆಯವರ ಗುಣ ತಿಳಿಯಿತು. ಯಾರಿಗೆ ಯಾವ ಚಾನೆಲ್ ಬೇಕೋ ಬರೆದುಕೊಡಿ ಎಂದು ಕೇಬಲ್ ಹುಡುಗ ಚೀಟಿ ಕೊಟ್ಟು ಹೋದ. ಅಲ್ಲಿಯವರೆಗೆ ಸೀರಿಯಲ್ ಎಂದರೆ ಮೂಗು ಮುರಿಯುತ್ತಿದ್ದ ಮಾವ ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿ, "ಆ ಒಂಬತ್ತು ಗಂಟೇದು ಯಾವ ಚಾನೆಲ್ಲು? ಸುಮ್ಮನೆ ಕೇಳ್ದೆ" ಎಂದರು. ಹೆಂಡತಿ ಬರೆದದ್ದು ಅಡುಗೆಯ ಚಾನೆಲ್. ಅದರಲ್ಲಿ ತೋರಿಸಿದ ಒಂದನ್ನೂ ನಾವು ಇವತ್ತಿನವರೆಗೆ ಉಂಡಿಲ್ಲ. ಮಗಳದು ಕಾರ್ಟೂನು. ನಾನು ಗಾಂಭೀರ್ಯದಿಂದ ವಾರ್ತೆ ಎಂದು ಬರೆದು, ಹಾಗೆಯೇ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಕ್ರಿಕೆಟ್ಟನ್ನೂ ಸೇರಿಸಿದೆ. ದೂರದರ್ಶನದ ಉಚಿತ ಡಿಶ್ ಒಂದಿದೆ, 2004ರಿಂದಲೂ ಇದೆ, ಒಂದು ಸಲ ತಟ್ಟೆ, ಬಾಕ್ಸು ಕೊಂಡರೆ ಮುಗಿಯಿತು, ತಿಂಗಳ ಬಾಡಿಗೆಯೇ ಇಲ್ಲ, ಚಂದನವೂ ಬರುತ್ತದೆ ಎಂದು ನಾನು ಮೆಲ್ಲಗೆ ಹೇಳಿ ನೋಡಿದೆ. ಮನೆ ಮೊದಲ ಬಾರಿಗೆ ಒಮ್ಮತಕ್ಕೆ ಬಂದದ್ದು ಆಗಲೇ. ಎಲ್ಲರೂ ಬೇಡವೆಂದರು.

ಕ್ರಿಕೆಟ್ ಎಂದಾಗ ಎದುರುಮನೆಯ ನೆನಪಾಯಿತು. ಅವರದು ಡಿಶ್, ನಮ್ಮದು ಕೇಬಲ್. ನಮ್ಮಲ್ಲಿ ಬೌಲರ್ ಇನ್ನೂ ಪ್ಯಾಂಟಿಗೆ ಚೆಂಡು ಉಜ್ಜುತ್ತಿರುವಾಗಲೇ ಎದುರುಮನೆಯವರು "ಅಯ್ಯೋ, ಹೋಯ್ತು!" ಎಂದು ಕೂಗುತ್ತಾರೆ. ಉಪಗ್ರಹಕ್ಕೆ ಹೋಗಿ ಬರಲು ಸಿಗ್ನಲ್‌ಗೆ ಸೆಕೆಂಡಿನ ಕಾಲು ಭಾಗ ಸಾಕು. ಉಳಿದ ಹೊತ್ತೆಲ್ಲ ಚಿತ್ರವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚುವ ಯಂತ್ರಗಳಲ್ಲಿ ಕಳೆಯುತ್ತದೆ. ಒಂದೇ ಬೀದಿಯಲ್ಲಿ ಎರಡು ಕಾಲಮಾನ. ನಾವು ನೋಡುತ್ತಿದ್ದ ಪಂದ್ಯದಲ್ಲಿ ಅವರು ತ್ರಿಕಾಲಜ್ಞಾನಿಗಳು.

"ಅದಕ್ಕೇ ನೇರವಾಗಿ ಆಕಾಶದಿಂದ ತರಿಸ್ಕೋಬೇಕು" ಎಂದರು ಮಾವ.

ಈ ಮಾತನ್ನು ಕೇಬಲ್ ಹುಡುಗನ ಮುಂದೆ ಆಡಿದಾಗ ಅವನು ನಕ್ಕುಬಿಟ್ಟ. "ನಾವೇನು ಬಾವಿಯಿಂದ ಸೇದಿ ಕೊಡ್ತೀವಾ ಮೇಷ್ಟ್ರೇ? ನಮ್ಗೂ ಬರೋದು ಅಲ್ಲಿಂದ್ಲೇ." ಅದು ನಿಜವೇ. ಕೇಬಲ್ ಮೂಲದ ತಾರಸಿ ಹತ್ತಿ ನೋಡಿದರೆ ಅಲ್ಲಿ ಆಳೆತ್ತರದ ಛತ್ರಿಗಳು ಸಾಲಾಗಿ ಆಕಾಶ ನೋಡುತ್ತ ಕೂತಿರುತ್ತವೆ. ಅಲ್ಲಿ ಇಳಿದದ್ದೇ ವೈರ್ ಹಿಡಿದು ಮನೆಗೆ ಬರುತ್ತದೆ. ಮಾರ್ಚ್ ಮತ್ತು ಅಕ್ಟೋಬರ್‌ನ ಆಸುಪಾಸಿನಲ್ಲಿ ಕೆಲವು ದಿನ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನಿಗೆ ಬಂದು ನಿಲ್ಲುತ್ತಾನೆ. ಅವನ ಗದ್ದಲದಲ್ಲಿ ಸಿಗ್ನಲ್ ಮುಳುಗಿ ಹಗಲು ಹೊತ್ತು ಕೆಲವು ನಿಮಿಷ ಚಿತ್ರ ಹೋಗುತ್ತದೆ. ಡಿಶ್ ಮನೆಯಲ್ಲೂ ಹೋಗುತ್ತದೆ, ಕೇಬಲ್ ಮನೆಯಲ್ಲೂ ಹೋಗುತ್ತದೆ. ಹಾಗಾದರೆ ನಾವು ಇಷ್ಟು ದಿನ ಕಾದಾಡಿದ್ದು ಆಕಾಶಕ್ಕೂ ವೈರ್‌ಗೂ ನಡುವೆ ಅಲ್ಲ. ಛತ್ರಿ ನಮ್ಮ ತಲೆಯ ಮೇಲಿರಬೇಕೋ ಕೇಬಲ್ ಹುಡುಗನ ತಲೆಯ ಮೇಲಿರಬೇಕೋ, ಇಷ್ಟೇ ಪ್ರಶ್ನೆ.

ಪ್ರಶ್ನೆ ಇಷ್ಟು ಚಿಕ್ಕದಾದ ಮೇಲೆ ಉತ್ತರ ಅಮ್ಮನಿಗೆ ಸುಲಭವಾಯಿತು. ತಂಗಿಯ ಮನೆಯಲ್ಲಿ ಅವಳು ಇನ್ನೊಂದನ್ನೂ ನೋಡಿದ್ದಳು. ಡಿಶ್‌ನ ದುಡ್ಡು ಮುಗಿದದ್ದು ರಾತ್ರಿ. ಮುಗಿದ ಕೂಡಲೇ ಚಾನೆಲ್‌ಗಳೂ ಮುಗಿದವು. ಚಿಕ್ಕಮ್ಮ ಫೋನ್ ಮಾಡಿದರೆ ಕನ್ನಡಕ್ಕೆ ಇಂಥ ಅಂಕಿ ಒತ್ತಿ ಎಂದು ಒಂದು ಹೆಣ್ಣುದನಿ ಹೇಳಿತು. ಒತ್ತಿದರು. ಆಮೇಲೆ ಸಂಗೀತ ಬಂತು. ಸಂಗೀತ ಮುಗಿದು ಬಂದ ಹುಡುಗ ಹಿಂದಿಯಲ್ಲಿ ಬಾಕ್ಸ್ ಆಫ್ ಮಾಡಿ ಆನ್ ಮಾಡಲು ಹೇಳಿದ. "ಅವನಿಗೆ ಏನಂತ ಬೈಯೋದು? ಯಾವ ಊರಿನವನೋ, ಊಟ ಆಗಿತ್ತೋ ಇಲ್ವೋ" ಎಂದಳು ಅಮ್ಮ. ಕೇಬಲ್ ಹುಡುಗನಾದರೆ ಹಾಗಲ್ಲ. ಅವನ ಅಮ್ಮನೂ ಗೊತ್ತು, ಅವನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಡುಮ್ಕಿ ಹೊಡೆದದ್ದೂ ಗೊತ್ತು. ಬೈಗುಳಕ್ಕೆ ಇಷ್ಟು ಸಾಮಗ್ರಿ ಯಾವ ಕಂಪನಿ ಒದಗಿಸುತ್ತದೆ? ಜೊತೆಗೆ ಮೂರು ವರ್ಷಕ್ಕೊಮ್ಮೆ ಸಾಗರದಲ್ಲಿ ಮಾರಿಕಾಂಬಾ ಜಾತ್ರೆ. ಅವನ ಲೋಕಲ್ ಚಾನೆಲ್‌ನಲ್ಲಿ ಅದು ಬೆಳಗಿನಿಂದ ರಾತ್ರಿಯವರೆಗೆ. ನಮ್ಮನೆಯವರು ಜಾತ್ರೆಯಲ್ಲಿ ದೇವಿಯನ್ನು ನೋಡಿ ಬಂದು, ಕೈಕಾಲು ತೊಳೆದು, ತಾವು ದೇವಿಯನ್ನು ನೋಡುತ್ತಿರುವುದನ್ನು ಟಿವಿಯಲ್ಲಿ ನೋಡುತ್ತಾರೆ. ಪ್ರಪಂಚದ ಯಾವ ಉಪಗ್ರಹವೂ ಅಮ್ಮನ ಹೊಸ ಸೀರೆಯನ್ನು ತೋರಿಸುವುದಿಲ್ಲ.

ಕೇಬಲ್ ಪಕ್ಷ ಹೀಗೆ ಗೆದ್ದಿತು. ಮಾವ ಸೋಲನ್ನು ಒಪ್ಪಿಕೊಂಡು ರಿಮೋಟ್ ಮಾತ್ರ ತಮ್ಮಲ್ಲೇ ಇಟ್ಟುಕೊಂಡರು.

ಆ ಗೆಲುವನ್ನು ಕೆಡಿಸಿದವನು ಕೇಬಲ್ ಹುಡುಗನೇ. ಮುಂದಿನ ಮಳೆಗಾಲದಲ್ಲಿ ಗಾಳಿಗೆ ಅಡಿಕೆ ಮರ ಬಿತ್ತು, ಮರದ ಜೊತೆ ವೈರ್ ಬಿತ್ತು, ಕಟ್ಟಿ ಹೋದ ಮೇಲೆ ಇನ್ನೊಂದು ಮರ ಬಿತ್ತು. ಒದ್ದೆಯಾಗಿ ಬಂದು ಕಟ್ಟೆಯ ಮೇಲೆ ಕೂತವನು, "ಅಮ್ಮ, ನಿಮ್ಮೊಂದು ಮನೆಗೋಸ್ಕರ ಅರ್ಧ ಮೈಲಿ ವೈರ್ ಕಾಯೋಕೆ ನನ್ನಿಂದ ಆಗಲ್ಲ. ಒಂದು ಡಿಶ್ ಹಾಕಿ ಕೊಡ್ತೀನಿ, ನಂದೇ ಏಜೆನ್ಸಿ ಇದೆ" ಎಂದ. ಅಮ್ಮ ಅವನನ್ನೇ ನೋಡಿದಳು. ಮಾವ ಕನ್ನಡಕ ಒರೆಸಿಕೊಂಡರು.

ಹಲಸಿನ ಮರವನ್ನು ಕಡಿಯಬೇಕಾಗಲಿಲ್ಲ. ತಟ್ಟೆಯ ಮುಖ ಕಂಡಷ್ಟು ಕೆಳಗೆ ಉಪಗ್ರಹ ಇರುವುದಿಲ್ಲ, ತಟ್ಟೆ ನೋಡುವುದು ಇನ್ನೂ ಬಹಳ ಮೇಲಕ್ಕೆ ಎಂದು ಅವನೇ ವಿವರಿಸಿ, ಕೊಟ್ಟಿಗೆಯ ಮೂಲೆಯಲ್ಲಿ, ಮರದ ನೆತ್ತಿ ತಪ್ಪಿಸಿ ಕೂರಿಸಿದ. ಈಗ ತಿಂಗಳ ಮೊದಲ ವಾರ ಬರುತ್ತಾನೆ. ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ನಮ್ಮ ರೀಚಾರ್ಜ್ ಮಾಡುತ್ತಾನೆ, ಮಜ್ಜಿಗೆ ಕುಡಿಯುತ್ತಾನೆ, ಊರ ವಾರ್ತೆ ಓದುತ್ತಾನೆ, ದುಂಡು ಮಾಡಿ ದುಡ್ಡು ಇಸಿದುಕೊಳ್ಳುತ್ತಾನೆ. ಜಾತ್ರೆಯ ವರ್ಷ ಮಾತ್ರ ನಾವೆಲ್ಲ ಗಿರಣಿಯವರ ಮನೆಗೆ ಹೋಗಿ ನಮ್ಮನ್ನು ನಾವು ನೋಡಿಕೊಂಡು ಬರುತ್ತೇವೆ.

ಮೊನ್ನೆ ಸೀರಿಯಲ್‌ನಲ್ಲಿ ವಿಷದ ಬಾಟಲಿ ಯಾರ ಕೈಯಲ್ಲಿದೆ ಎಂದು ತಿಳಿಯುವ ಹೊತ್ತಿಗೆ ಮಳೆ ಅಮರಿಕೊಂಡು ಚಿತ್ರ ಹೋಯಿತು. ಅಮ್ಮ ಅವನಿಗೆ ಫೋನ್ ಹಚ್ಚಿದಳು.

"ಅಮ್ಮ, ಅದು ನನ್ನ ಕೈಲಿಲ್ಲ, ಮಳೆ" ಎಂದ ಅವನು.

"ಮಳೆ ಬರೋ ತಿಂಗಳೂ ದುಡ್ಡು ಇಸ್ಕೊಂಡು ಹೋಗೋನು ನೀನು ತಾನೆ? ಹಾಗಾದ್ರೆ ಮಳೇನೂ ನಿಂದೇ, ಕೇಳು" ಎಂದು ಅಮ್ಮ ಎಸ್ಸೆಸ್ಸೆಲ್ಸಿ ಗಣಿತದಿಂದ ಶುರುಮಾಡಿದಳು.